ಕೊನೆಯ ಸುತ್ತಿನ ತಟ್ಟೆ

ಆಟವಾಡಿಸಿ ನೀತಿಯನ್ನು ಕಲಿಸಲು ಸಾಧ್ಯವೇ? ನಮ್ಮ ನಾಡಿಗೆ ಈ ಪ್ರಶ್ನೆ ಹೊಸದಲ್ಲ. ಇಂದಿಗೂ ಮನೆಮನೆಯ ಮಕ್ಕಳು ಆಡುವ ಹಾವು ಏಣಿ ಆಟ ಒಂದು ಕಾಲದಲ್ಲಿ ನೀತಿಪಾಠವೇ ಆಗಿತ್ತು. ಹಳೆಯ ಪಟಗಳಲ್ಲಿ ಏಣಿಯ ಬುಡದ ಮನೆಗೆ ಒಂದು ಸದ್ಗುಣದ ಹೆಸರಿತ್ತು, ಹಾವಿನ ಬಾಯಿಯ ಮನೆಗೆ ಒಂದು ದುರ್ಗುಣದ ಹೆಸರಿತ್ತು, ತುತ್ತತುದಿಯಲ್ಲಿ ಪರಮಪದವಿತ್ತು. ಕಾಲ ಕಳೆದಂತೆ ಆ ಹೆಸರುಗಳು ಅಳಿಸಿಹೋದವು, ಅಂಕಿಗಳು ಮಾತ್ರ ಉಳಿದವು. ಆದರೂ ಆಟಕ್ಕೆ ಯಾವ ಕುಂದೂ ಬರಲಿಲ್ಲ. ಏಕೆಂದರೆ ಅಲ್ಲಿ ಮೇಲೇರುವುದನ್ನೂ ಕೆಳಗಿಳಿಯುವುದನ್ನೂ ನಿರ್ಧರಿಸುತ್ತಿದ್ದುದು ದಾಳ. ಆಡುವವನು ಸದ್ಗುಣವನ್ನು ಆರಿಸಿಕೊಳ್ಳುವ ಸಂದರ್ಭವೇ ಅದರಲ್ಲಿ ಇರಲಿಲ್ಲ.

ಇನ್ನೊಂದು ಉದಾಹರಣೆ ಅಮೆರಿಕದ್ದು. 1904ರಲ್ಲಿ ಎಲಿಜಬೆತ್ ಮ್ಯಾಗಿ ಎಂಬ ಮಹಿಳೆ ಭೂಮಾಲೀಕರ ಆಟವೊಂದಕ್ಕೆ ಪೇಟೆಂಟ್ ಪಡೆದರು. ಕೆಲವರೇ ಭೂಮಿಯನ್ನು ಕೂಡಿಹಾಕಿಕೊಂಡರೆ ಉಳಿದವರ ಗತಿ ಏನಾಗುತ್ತದೆ ಎಂಬುದನ್ನು ಆಡುತ್ತಲೇ ಕಂಡುಕೊಳ್ಳಲಿ ಎಂಬುದು ಅವರ ಆಶಯ. ಅದೇ ಆಟ ಬೇರೆ ರೂಪ ತಾಳಿ 1935ರಲ್ಲಿ ‘ಮೊನೊಪಲಿ’ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂತು. ನಮ್ಮ ಮಕ್ಕಳು ‘ಬಿಸಿನೆಸ್’ ಎಂದು ಕರೆದು ಆಡುವುದು ಆ ಮಾದರಿಯ ಆಟವನ್ನೇ. ದುರಾಸೆಯನ್ನು ಎಚ್ಚರಿಸಲು ಹುಟ್ಟಿದ ಆಟ, ಎದುರಾಳಿಯನ್ನು ದಿವಾಳಿ ಎಬ್ಬಿಸಿದವನೇ ಜಾಣ ಎಂದು ಕಲಿಸುವ ಆಟವಾಯಿತು. ಹಲಗೆಯ ಮೇಲೆ ಏನನ್ನು ಬರೆದಿದೆ ಎಂಬುದಕ್ಕಿಂತ, ಯಾರನ್ನು ಗೆದ್ದವನೆಂದು ಕರೆಯುತ್ತೇವೆ ಎಂಬುದೇ ಆಟದ ನಿಜವಾದ ಪಾಠ.

ಈ ಎರಡು ಸಂಗತಿಗಳನ್ನು ನೆನಪಿಸಲು ಕಾರಣವಿದೆ. ನೀರು, ಕಾಡು, ಮೀನು, ಮಣ್ಣು ಇವುಗಳನ್ನು ಮುಂದಿನವರಿಗೂ ಉಳಿಯುವಂತೆ ಬಳಸುವುದನ್ನು ಇಂದು ‘ಸುಸ್ಥಿರತೆ’ ಎನ್ನುತ್ತೇವೆ. ಅದನ್ನು ಕಲಿಸಲು ಅನೇಕ ಕಡೆ ಆಟಗಳನ್ನು ಬಳಸುತ್ತಿದ್ದಾರೆ. ಅಂಥ ಆಟದಿಂದ ಮನುಷ್ಯ ನಿಜಕ್ಕೂ ಒಳ್ಳೆಯವನಾಗುತ್ತಾನೆಯೇ, ಅಥವಾ ಜಾಣನಷ್ಟೇ ಆಗುತ್ತಾನೆಯೇ?

ಧರ್ಮೋಪದೇಶದ ತರಗತಿಯಲ್ಲಿ ಯಾರು ಬೇಕಾದರೂ ಆಡಿಸಬಹುದಾದ ಒಂದು ಸರಳ ಆಟವನ್ನು ನೋಡೋಣ. ಒಂದು ತಟ್ಟೆಯಲ್ಲಿ 16 ಹುಣಿಸೆ ಬೀಜಗಳು, ಸುತ್ತ ನಾಲ್ವರು ಮಕ್ಕಳು. ಪ್ರತಿ ಸುತ್ತಿನಲ್ಲೂ ತನಗೆ ಎಷ್ಟು ಬೇಕೆಂಬುದನ್ನು ಪ್ರತಿಯೊಬ್ಬರೂ ಗುಟ್ಟಾಗಿ ಚೀಟಿಯಲ್ಲಿ ಬರೆದುಕೊಡಬೇಕು. ಹಿರಿಯರೊಬ್ಬರು ಅಷ್ಟನ್ನು ಕೊಟ್ಟು, ತಟ್ಟೆಯಲ್ಲಿ ಉಳಿದುದನ್ನು ಇಮ್ಮಡಿ ಮಾಡುತ್ತಾರೆ. ಆದರೆ ತಟ್ಟೆ ಎಂದೂ 16ನ್ನು ಮೀರದು. ಎಲ್ಲರೂ ಎರಡೆರಡು ತೆಗೆದುಕೊಂಡರೆ ಎಂಟು ಉಳಿಯುತ್ತದೆ, ಅದು ಮತ್ತೆ 16 ಆಗುತ್ತದೆ. ಹೀಗೆ ತಟ್ಟೆ ಎಂದೂ ಬರಿದಾಗದು. ಎಲ್ಲರೂ ಮೂರು ಮೂರು ಬಯಸಿದರೋ, ಉಳಿಯುವುದು ನಾಲ್ಕು, ಅದು ಎಂಟಾಗುತ್ತದೆ. ಮರುಸುತ್ತಿನಲ್ಲಿ ಎರಡೆರಡೇ ಸಾಕೆಂದು ಎಲ್ಲರೂ ತೃಪ್ತರಾದರೂ ತಟ್ಟೆ ಖಾಲಿ. ಒಂದೇ ಒಂದು ಬೀಜದ ಆಸೆ ಎರಡೇ ಸುತ್ತಿನಲ್ಲಿ ಎಲ್ಲವನ್ನೂ ಮುಗಿಸಿತು. ಅವರಲ್ಲಿ ಕಳ್ಳರಿರಲಿಲ್ಲ, ನಿಯಮ ಮುರಿದವರೂ ಇರಲಿಲ್ಲ.

ಇದೇ ತತ್ತ್ವದ ಮೇಲೆ ರೂಪುಗೊಂಡ ಪ್ರಸಿದ್ಧ ಆಟವೊಂದು ‘ಫಿಶ್ ಬ್ಯಾಂಕ್ಸ್’. ಬೆಳವಣಿಗೆಗೂ ಮಿತಿಗಳುಂಟು ಎಂದು 1972ರಲ್ಲಿ ಜಗತ್ತಿಗೆ ಎಚ್ಚರಿಕೆ ನೀಡಿದ ಗ್ರಂಥದ ಲೇಖಕರಲ್ಲಿ ಒಬ್ಬರಾದ ಡೆನ್ನಿಸ್ ಮೆಡೋಸ್ ಅದನ್ನು ರಚಿಸಿದರು. ತಂಡಗಳು ಹಡಗುಗಳನ್ನು ಕೊಂಡು ಮೀನು ಹಿಡಿದು ಲಾಭಕ್ಕಾಗಿ ಸ್ಪರ್ಧಿಸುತ್ತವೆ. ಆಡುವವರು ವಿದ್ಯಾವಂತರಾಗಿದ್ದರೂ ಬಹುಪಾಲು ಸಲ ಸಮುದ್ರ ಬರಿದಾಗುತ್ತದೆ. ಇದು ಆಟದ ಕಲ್ಪನೆಯಷ್ಟೇ ಅಲ್ಲ. ಶತಮಾನಗಳ ಕಾಲ ಕಾಡ್ ಮೀನಿಗೆ ಹೆಸರಾಗಿದ್ದ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಿನಲ್ಲಿ ಮೀನಿನ ಸಂತತಿ ಕುಸಿದು, 1992ರ ಜುಲೈಯಲ್ಲಿ ಸರಕಾರ ಆ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸುಮಾರು 30 ಸಾವಿರ ಜನ ಕೆಲಸ ಕಳೆದುಕೊಂಡರು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲಿ ನಿಲ್ಲುವುದು ಇಂಥ ಗತಿ ನಮಗೂ ಬಾರದಿರಲೆಂದೇ. ಮೀನು ಮರಿ ಮಾಡುವ ಕಾಲದಲ್ಲಿ ತಟ್ಟೆಗೆ ಕೈ ಹಾಕಬಾರದೆಂಬ ಒಪ್ಪಂದವದು.

ಹಾಗಾದರೆ ಆಟ ಕಲಿಸಿದ್ದೇನು? ಹಾಳುಮಾಡುವವರು ಯಾವಾಗಲೂ ಬೇರೆ ಯಾರೋ ದುಷ್ಟರು ಎಂಬ ನಮ್ಮ ನಂಬಿಕೆಯನ್ನು ಅದು ಮುರಿಯುತ್ತದೆ. ಬೈಬಲ್ಲಿನಲ್ಲಿ ಪ್ರವಾದಿ ನಾತಾನನು ದಾವೀದ ಅರಸನ ಮುಂದೆ ನಿಂತ ಪ್ರಸಂಗ ಇಲ್ಲಿ ನೆನಪಾಗುತ್ತದೆ. ನಾತಾನನು ನೇರವಾಗಿ ಗದರಿಸಲಿಲ್ಲ. ಬಡವನ ಒಂದೇ ಕುರಿಮರಿಯನ್ನು ಕಿತ್ತುಕೊಂಡ ಸಿರಿವಂತನ ಕಥೆ ಹೇಳಿದನು. ದಾವೀದನು ಕೆರಳಿ ತೀರ್ಪು ಕೊಟ್ಟ ಮೇಲೆ, ಆ ಮನುಷ್ಯ ಅವನೇ ಎಂದು ತೋರಿಸಿದನು. ಉಪದೇಶಕ್ಕೆ ಕಿವಿ ಮುಚ್ಚಿಕೊಳ್ಳುವ ಮನಸ್ಸು ಕಥೆಗೆ ಬಾಗಿಲು ತೆರೆಯುತ್ತದೆ. ಒಳ್ಳೆಯ ಆಟ ಮಾಡುವುದೂ ಇದನ್ನೇ. ಖಾಲಿ ತಟ್ಟೆಯನ್ನು ಕಂಡು “ಇದು ಯಾರ ತಪ್ಪು?” ಎಂದು ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡುವಾಗ, ಅವರವರು ಬರೆದ ಚೀಟಿ ಎದುರಿಗೇ ಇರುತ್ತದೆ. ಅದೊಂದು ಸಣ್ಣ ಆತ್ಮಶೋಧನೆ.

ಆದರೆ ಆತ್ಮಶೋಧನೆ ಪಶ್ಚಾತ್ತಾಪದಲ್ಲೇ ನಿಂತರೆ ಸಾಲದು, ಬದುಕು ಬದಲಾಗಬೇಕು. ಆಟಕ್ಕೆ ಆ ಶಕ್ತಿಯಿದೆಯೇ? ಎರಡನೆಯ ಬಾರಿ ಮಕ್ಕಳಿಗೆ ತಮ್ಮತಮ್ಮಲ್ಲಿ ಮಾತನಾಡಲು ಬಿಡಬೇಕು. “ಎರಡೇ ತೆಗೆದುಕೊಳ್ಳೋಣ” ಎಂಬ ಒಂದು ಮಾತು ಸಾಕು, ತಟ್ಟೆ ಉಳಿಯಬಹುದು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಮೊದಲ ಮಹಿಳೆ ಎಲಿನಾರ್ ಆಸ್ಟ್ರಮ್ ಇಂಥ ಪ್ರಯೋಗಗಳನ್ನು ನಡೆಸಿದವರು. ದಂಡದ ಭಯವಿಲ್ಲದಿದ್ದರೂ, ಕೂಡಿ ಮಾತನಾಡುವ ಅವಕಾಶವಿದ್ದರೆ ಜನ ಸಂಯಮ ತೋರುವುದು ಹೆಚ್ಚು ಎಂಬುದನ್ನು ಅವರು ಕಂಡುಕೊಂಡರು.

ನೆರೆಯ ಆಂಧ್ರಪ್ರದೇಶದಲ್ಲಿ 2013 ಮತ್ತು 2014ರಲ್ಲಿ ಕೆಲವು ಬರಪೀಡಿತ ಹಳ್ಳಿಗಳ ರೈತರು ಅಂತರ್ಜಲದ ಆಟವಾಡಿದರು. ಫೌಂಡೇಶನ್ ಫಾರ್ ಇಕಾಲಜಿಕಲ್ ಸೆಕ್ಯುರಿಟಿ ಎಂಬ ಸಂಸ್ಥೆ ಸಂಶೋಧಕರೊಡನೆ ಸೇರಿ ಅದನ್ನು ನಡೆಸಿತು. ಹೆಚ್ಚು ನೀರು ಕುಡಿಯುವ, ಹೆಚ್ಚು ಹಣ ತರುವ ಬೆಳೆಯೋ, ಕಡಿಮೆ ನೀರಿನ ಬೆಳೆಯೋ ಎಂದು ಪ್ರತಿ ಸುತ್ತಿನಲ್ಲೂ ಆರಿಸಬೇಕಿತ್ತು. ಆಟ ಮುಗಿದ ಮೇಲೆ ಊರವರೆಲ್ಲ ಕೂಡಿ ಚರ್ಚಿಸಿದರು. ಮುಂದೆ ಪರಿಶೀಲಿಸಿದಾಗ, ಆಟ ನಡೆಯದ ಹಳ್ಳಿಗಳಿಗಿಂತ ಆಟ ನಡೆದ ಹಳ್ಳಿಗಳಲ್ಲಿ ನೀರಿನ ಲೆಕ್ಕ ಬರೆದಿಡುವ, ಬಳಕೆಗೆ ನಿಯಮ ಮಾಡಿಕೊಳ್ಳುವ ಪದ್ಧತಿ ಹೆಚ್ಚಾಗಿ ಬೆಳೆದಿತ್ತು. ಆಟದ ಬೀಜ ಊರಿನ ಮಾತುಕತೆಯ ಮಣ್ಣಿನಲ್ಲಿ ಬಿದ್ದು ಮೊಳೆಯಿತು ಎನ್ನಬಹುದು. ಆಟವಾಡಿಸಿ, ಚರ್ಚೆಗೆ ಸಮಯವಿಲ್ಲವೆಂದು ಗಂಟೆ ಬಾರಿಸಿ ಕಳುಹಿಸುವ ಶಿಕ್ಷಕರು ಇದನ್ನು ಗಮನಿಸಬೇಕು.

ಇಷ್ಟಾದರೂ ಒಂದು ಗಂಭೀರ ಆಕ್ಷೇಪ ಉಳಿಯುತ್ತದೆ. ಈ ಆಟಗಳಲ್ಲಿ ಸಂಯಮವೇ ಲಾಭ. ಇಂದು ಎರಡು ಬಿಟ್ಟರೆ ನಾಳೆ ನನಗೇ ಎರಡು ಸಿಗುತ್ತದೆ. ಇದು ವಿವೇಕ ನಿಜ. ಆದರೆ ನ್ಯಾಯವೇ, ಪ್ರೀತಿಯೇ? ಇದನ್ನು ಪರೀಕ್ಷಿಸಲು ಒಂದು ಉಪಾಯವಿದೆ. ಮೂರನೆಯ ಬಾರಿ ಆಡಿಸುವಾಗ “ಇದು ಹತ್ತನೆಯ ಸುತ್ತು, ಇದೇ ಕೊನೆ” ಎಂದು ಮುಂಚಿತವಾಗಿ ತಿಳಿಸಬೇಕು. ಆಗ ಲೆಕ್ಕಾಚಾರ ಬದಲಾಗುತ್ತದೆ. ತಟ್ಟೆಯಲ್ಲಿ ಬಿಟ್ಟ ಬೀಜ ಇನ್ನು ನನಗೆ ಮರಳಿ ಬರುವುದಿಲ್ಲ. ಒಂಬತ್ತು ಸುತ್ತು ಸಂಯಮದಿಂದ ಆಡಿದ ಜಾಣನೇ ಕೊನೆಯ ಸುತ್ತಿನಲ್ಲಿ ಬಾಚಿಕೊಳ್ಳಲು ಮುಂದಾಗಬಹುದು. ಆಟದ ನಿಯಮದಲ್ಲಿ ಅವನನ್ನು ತಡೆಯುವಂಥದು ಯಾವುದೂ ಇಲ್ಲ. ಈಗ ಬಾಗಿಲ ಬಳಿ ಕಾಯುತ್ತಿರುವ ಇನ್ನೂ ಚಿಕ್ಕ ಮಕ್ಕಳ ಗುಂಪನ್ನು ಅವರಿಗೆ ತೋರಿಸಿ, “ನೀವು ಎದ್ದ ಮೇಲೆ ಇದೇ ತಟ್ಟೆಯ ಮುಂದೆ ಅವರು ಕೂರುತ್ತಾರೆ” ಎಂದು ಹೇಳಬೇಕು. ಆ ಪುಟಾಣಿಗಳಿಗೆ ಚೀಟಿ ಬರೆಯುವ ಹಕ್ಕಿಲ್ಲ, ಮಾತನಾಡುವ ಹಕ್ಕಿಲ್ಲ, ನಮಗೆ ಮರಳಿ ಕೊಡಲು ಅವರ ಕೈಯಲ್ಲಿ ಏನೂ ಇಲ್ಲ. ಅವರಿಗಾಗಿ ಎಂಟು ಬೀಜ ಬಿಟ್ಟು ಏಳುವ ಮಗು ಆಟದಲ್ಲಿ ಸೋಲಬಹುದು. ಆದರೆ ನೀತಿ ಆರಂಭವಾಗುವುದು ಆ ಸೋಲಿನಿಂದಲೇ.

ನಮ್ಮೆಲ್ಲರ ಆಯುಷ್ಯಕ್ಕೂ ಒಂದು ಕೊನೆಯ ಸುತ್ತಿದೆ. ಕೊಳವೆಬಾವಿಯನ್ನು ಇನ್ನೂ ನೂರು ಅಡಿ ಆಳಕ್ಕೆ ಇಳಿಸುವ ಅರುವತ್ತರ ಹಿರಿಯರಿಗೆ ಅದರ ಫಲ ಸಿಗುತ್ತದೆ. ಬತ್ತಿದ ನೆಲದ ಕಷ್ಟವನ್ನು ಕಾಣುವುದು ಮೊಮ್ಮಕ್ಕಳು. 2015ರಲ್ಲಿ ಪೋಪ್ ಫ್ರಾನ್ಸಿಸ್‌ರವರು ಹೊರಡಿಸಿದ ‘ಲೌದಾತೊ ಸಿ’ ಎಂಬ ವಿಶ್ವಪರಿಪತ್ರ ತಲೆಮಾರುಗಳ ನಡುವಿನ ನ್ಯಾಯವನ್ನು ಪ್ರತ್ಯೇಕವಾಗಿ ಎತ್ತಿ ಹೇಳಿದ್ದು ಇದಕ್ಕಾಗಿಯೇ. ಅದರ ಕೊನೆಯ ಅಧ್ಯಾಯ ಪರಿಸರ ಶಿಕ್ಷಣವನ್ನೂ ಆಧ್ಯಾತ್ಮಿಕತೆಯನ್ನೂ ಒಟ್ಟಿಗೆ ಇಟ್ಟು ಮಾತನಾಡುತ್ತದೆ. ಆದಿಕಾಂಡದಲ್ಲಿ ಮನುಷ್ಯನಿಗೆ ತೋಟವನ್ನು ಒಪ್ಪಿಸಿದಾಗ ಅದನ್ನು ಸಾಗುವಳಿ ಮಾಡುವ ಕೆಲಸವನ್ನೂ ಕಾಯುವ ಕೆಲಸವನ್ನೂ ಜೊತೆಯಾಗಿಯೇ ಕೊಡಲಾಯಿತು. ಬಳಸುವ ಹಕ್ಕು ನಮಗಿದೆ. ಬರಿದು ಮಾಡುವ ಹಕ್ಕಿಲ್ಲ.

ಆದುದರಿಂದ ಆಟಗಳನ್ನು ಕೀಳಾಗಿ ಕಾಣುವುದೂ ಬೇಡ, ಅವುಗಳ ಮೇಲೆ ಅತಿಯಾದ ಭರವಸೆ ಇಡುವುದೂ ಬೇಡ. ಆಟ ಕನ್ನಡಿ ಹಿಡಿಯಬಲ್ಲದು, ಮಾತಿಗೆ ಕೂರಿಸಬಲ್ಲದು. ಕಾಣದ ಮಕ್ಕಳನ್ನು ಪ್ರೀತಿಸುವುದನ್ನು ಮಾತ್ರ ಆಟದ ಹಲಗೆ ಕೊಡಲಾರದು; ಅದು ಮನೆಯ ಊಟದ ಹಲಗೆಯ ಬಳಿ, ತಂದೆತಾಯಿಯರು ತಮ್ಮ ಪಾಲಿನಲ್ಲಿ ಏನನ್ನು ಬಿಟ್ಟುಕೊಡುತ್ತಾರೆ ಎಂಬುದನ್ನು ಮಕ್ಕಳು ನಿತ್ಯ ನೋಡುತ್ತಾ ಕಲಿಯುವಂಥದು. ಮುಂದಿನ ರಜೆಯಲ್ಲಿ ಮಕ್ಕಳ ಜೊತೆ ಹುಣಿಸೆ ಬೀಜದ ಆಟವನ್ನು ಒಮ್ಮೆ ಆಡಿ ನೋಡಿ. ಗೆದ್ದವರನ್ನು ಹೊಗಳುವ ಮೊದಲು, ಅವರೆಲ್ಲ ಎದ್ದ ಮೇಲೆ ತಟ್ಟೆಯಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಅವರಿಂದಲೇ ಎಣಿಸಿ.