ಒರೆಯೂರಿನ ಒಡೆಯರು, ಕ್ಯಾತಗಾನಚೆರ್ಲಿನ ಖಾತೆದಾರರು

ಕ್ಯಾತಗಾನಚೆರ್ಲು ಎಂದಾಗ ನನ್ನ ಕಿವಿಗೆ ಮೊದಲು ಕೇಳಿಸುವುದು ನೀರು. ತೆಲುಗಿನ ಚೆರುವು ನಮ್ಮ ಕೆರೆ. ಪಾವಗಡ ತಾಲ್ಲೂಕಿನ ಈ ಊರಾಚೆ ನಿಂತರೆ ಈಗ ಕಾಣುವುದೂ ಕೆರೆಯಂಥದ್ದೇ. ನೀಲಿಯಾಗಿ, ಬಿಸಿಲಿಗೆ ಮಿರುಗುತ್ತ, ಕಣ್ಣು ಹೋದಷ್ಟು ದೂರ. ಹತ್ತಿರ ಹೋದರೆ ಗಾಜು. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಹರಡಿದೆ.

ಆ ನೆಲವನ್ನು ಯಾರೂ ಮಾರಿಲ್ಲ. 28 ವರ್ಷದ ಗುತ್ತಿಗೆಗೆ ಕೊಟ್ಟಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಏರಿಕೆ. ಪಹಣಿಯ 9ನೇ ಕಾಲಮ್ಮಿನಲ್ಲಿ ರೈತನ ಹೆಸರು ಇದ್ದಲ್ಲೇ ಇದೆ. ಆದರೆ ಬದು ಇಲ್ಲ, ಬದುವಿನ ಮೇಲಿದ್ದ ಹುಣಸೆಮರ ಇಲ್ಲ, ಕಡ್ಲೆಕಾಯಿ ಬಿತ್ತುವ ಮುಂಗಾರಿನ ತವಕವೂ ಇಲ್ಲ. ಹೊಲ ಯಾವುದು ಎಂದು ಕೇಳಿದರೆ ಬೇಲಿಯ ಈಚೆ ನಿಂತು ಕೈ ಚಾಚಬೇಕು: "ಅಗೋ, ಆ ಕಂಬದಿಂದಾಚೆ ನಮ್ದು." ನೆಲದ ಒಡೆಯ ತನ್ನ ನೆಲವನ್ನು ಹೀಗೆ ಅಂದಾಜಿನಲ್ಲಿ ತೋರಿಸುವುದು ಹೊಸದೇನಲ್ಲ. ಈ ತಾಲ್ಲೂಕಿನಲ್ಲಂತೂ ಅದಕ್ಕೆ ಎಂಟುನೂರು ವರ್ಷದ ಮೇಲ್ಪಂಕ್ತಿಯಿದೆ.

ನಿಡುಗಲ್ಲು ಇದೇ ತಾಲ್ಲೂಕಿನದು. 12, 13ನೇ ಶತಮಾನಗಳಲ್ಲಿ ಆ ಬೆಟ್ಟದಿಂದ ಆಳಿದ ಇರುಂಗೋಳನ ವಂಶದವರು ತಮ್ಮನ್ನು ಕರಿಕಾಲ ಚೋಳನ ಕುಲದವರೆಂದು ಹೇಳಿಕೊಂಡರು. ಶಾಸನಗಳಲ್ಲಿ ಅವರ ಬಿರುದು 'ಒರೆಯೂರ ಪುರವರಾಧೀಶ್ವರ'. ಒರೆಯೂರು ಎಲ್ಲಿ? ಕಾವೇರಿಯ ದಂಡೆಯಲ್ಲಿ, ಇಂದಿನ ತಿರುಚಿರಾಪಳ್ಳಿಯ ಒಂದು ಭಾಗ. ನಿಡುಗಲ್ಲಿನವರು ಈ ಬಿರುದನ್ನು ಕಲ್ಲಿಗೆ ಹತ್ತಿಸುವ ಹೊತ್ತಿಗೆ ತಮಿಳು ಚೋಳರೇ ಒರೆಯೂರನ್ನು ಬಿಟ್ಟು ತಂಜಾವೂರಿಗೆ ಹೋಗಿ ಮುನ್ನೂರು ವರ್ಷ ದಾಟಿತ್ತು. ಇವರಿಗೆ ಅಲ್ಲಿ ಒಂದು ಗುಂಟೆಯ ಅಧಿಕಾರವೂ ಇರಲಿಲ್ಲ. ಮಳೆಗಾಗಿ ಆಕಾಶ ನೋಡುವ ಈ ಬಂಡೆಗಳ ಮೇಲೆ ಕೂತು ತಂದೆಯ ನಂತರ ಮಗ, ಮಗನ ನಂತರ ಮೊಮ್ಮಗ, ಕಾಣದ ಹೊಳೆಯ ದಂಡೆಯ ಊರೊಂದಕ್ಕೆ ಒಡೆಯರಾಗುತ್ತ ಬಂದರು. ಇದನ್ನು ಪೊಳ್ಳು ಎಂದು ನಗುವ ಮನಸ್ಸು ನನಗಿಲ್ಲ. ಹಾನಗಲ್ಲಿನ ಕದಂಬರು ಬನವಾಸಿಯ ಹೆಸರು ಹೊತ್ತರು, ಸವದತ್ತಿಯ ರಟ್ಟರು ಲತ್ತಲೂರಿನ ಹೆಸರು ಹೊತ್ತರು. ಎಲ್ಲಿಂದಲೋ ಬಂದವರಿಗೆ ಬಂದ ಊರಿನ ಹೆಸರಷ್ಟೇ ಕೈಗೆ ಸಿಗುವ ಗಂಟು.

ಇದೇ ಜಿಲ್ಲೆಯ ಶಿರಾದ ಕಥೆ ಇದರ ತಿರುವುಮುರುವು. 1761ರಲ್ಲಿ ನಿಜಾಮನ ಮನೆತನದ ಬಸಾಲತ್ ಜಂಗ್ ಹೈದರಾಲಿಗೆ ಶಿರಾದ ನವಾಬಗಿರಿ ಕೊಟ್ಟ. ಬೆಲೆ ಮೂರು ಲಕ್ಷ ರೂಪಾಯಿ. ಶಿರಾ ಆಗ ಕೊಟ್ಟವನ ಕೈಯಲ್ಲೂ ಇರಲಿಲ್ಲ, ಕೊಂಡವನ ಕೈಯಲ್ಲೂ ಇರಲಿಲ್ಲ. ಇನ್ನು ಮೇಲೆ ಗೆಲ್ಲಬೇಕಿತ್ತು. ಹೈದರ್ ಗೆದ್ದ. 1766ರಲ್ಲಿ ಮರಾಠರು ಕಿತ್ತುಕೊಂಡರು, 1774ರಲ್ಲಿ ಟಿಪ್ಪು ಮತ್ತೆ ಹಿಡಿದ. ಊರು ಹೀಗೆ ಕೈ ಬದಲಿಸುತ್ತಿದ್ದಾಗ ನವಾಬ ಎಂಬ ಹೆಸರು ಮಾತ್ರ ಹೈದರನಿಗೆ ಅಂಟಿಕೊಂಡೇ ಇತ್ತು.

ಐರ್ಲೆಂಡಿನಲ್ಲೂ ಇಂಥದ್ದೇ ನಡೆಯಿತು. ಓನೀಲ್ ಕುಲದ ನಾಯಕನನ್ನು ಮೊದಲು ರಕ್ತಸಂಬಂಧಿಗಳೊಳಗಿನಿಂದ ಆರಿಸುತ್ತಿದ್ದರು. 1542ರಲ್ಲಿ ಇಂಗ್ಲೆಂಡಿನ ಎಂಟನೇ ಹೆನ್ರಿ ಆ ನಾಯಕನನ್ನು ಟಿರೋನಿನ ಅರ್ಲ್ ಮಾಡಿದ. ಆರಿಸುವ ಪದ್ಧತಿಯ ಜಾಗಕ್ಕೆ ತಂದೆಯಿಂದ ಮಗನಿಗೆ ಇಳಿಯುವ ಬಿರುದು ಬಂತು. 1607ರಲ್ಲಿ ಆ ಬಿರುದು ಹೊತ್ತಿದ್ದ ಹ್ಯೂ ಓನೀಲ್ ದೇಶ ಬಿಟ್ಟು ಹಡಗು ಹತ್ತಿದ, ನೆಲ ಹೋಯಿತು, 1616ರಲ್ಲಿ ಅವನು ರೋಮಿನಲ್ಲಿ ತೀರಿಕೊಂಡ. ಸ್ಪೇನಿನ ಸೇನೆಯಲ್ಲಿದ್ದ ಮಗನನ್ನು ಅಲ್ಲಿಯವರು ಟಿರೋನಿನ ಕೌಂಟ್ ಎಂದೇ ಕರೆದರು. ನಿಡುಗಲ್ಲಿನ ಚೋಳ ಅವನನ್ನು ಕಂಡಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಎಲೆಅಡಿಕೆ ಕೊಡುತ್ತಿದ್ದನೇನೋ.

ಬಿರುದು ಚಿರಕಾಲದ್ದು ಅನ್ನಿಸುತ್ತದೆ. ಅನ್ನಿಸುವುದು ಅದನ್ನು ಹೊತ್ತವರು ಒಬ್ಬರಾದ ಮೇಲೊಬ್ಬರು ಸತ್ತಿದ್ದರಿಂದ. ನಮ್ಮ ಕಂದಾಯ ಇಲಾಖೆ ಇದನ್ನು ಯಾವ ಮುಲಾಜೂ ಇಲ್ಲದೆ ಹೇಳುತ್ತದೆ: ಪೌತಿ ಖಾತೆ. ಪೌತಿ ಎಂದರೆ ಸಾವು. ಸತ್ತವನ ಖಾತೆ ವಾರಸುದಾರರ ಹೆಸರಿಗೆ ಬರಲು ನಾಡಕಚೇರಿಯಲ್ಲಿ ಮರಣಪತ್ರ, ವಂಶವೃಕ್ಷ ಲಗತ್ತಿಸಿ ಅರ್ಜಿ ಕೊಡಬೇಕು. ಲಂಡನ್ನಿನ ಪ್ರಭುಗಳಿಗೆ ದಪ್ಪ ರಟ್ಟಿನ ಪುಸ್ತಕದಲ್ಲಿ ಇರುವ ವಂಶವೃಕ್ಷ ಇಲ್ಲಿ ಎರಡೆಕರೆ ಖುಷ್ಕಿಯವನಿಗೂ ಬೇಕು. ವ್ಯತ್ಯಾಸ ಒಂದೇ. ಅಲ್ಲಿನ ಬಿರುದು ಬಹುಪಾಲು ಹಿರಿಯ ಮಗನಿಗೆ ಇಡಿಯಾಗಿ ಇಳಿಯುತ್ತದೆ, ಗಂಡು ಸಂತಾನ ನಿಂತ ದಿನ ಇಡಿಯಾಗಿ ಅಳಿಯುತ್ತದೆ. ನಮ್ಮ ಹೊಲ ಒಡೆಯುತ್ತ, ಕಿರಿದಾಗುತ್ತ, ಗುಂಟೆಗಳಲ್ಲಿ ಉಳಿಯುತ್ತದೆ. ಸೋಲಾರ್ ಬಂದ ಮೇಲೆ ಆ ಒಡೆತವೂ ಕಾಗದದ ಮೇಲಿನದೇ. ಅಣ್ಣತಮ್ಮಂದಿರು ಬದು ಒತ್ತುವಂತಿಲ್ಲ, ಬಾಡಿಗೆ ಎಣಿಸಿ ಹಂಚಿಕೊಳ್ಳಬೇಕು. ಜಗಳಕ್ಕೂ ನೆಲ ಬೇಕಿತ್ತು ಎಂದು ಈಗ ಗೊತ್ತಾಗಿದೆ.

ಬಿರುದು ಕೊಡುವುದನ್ನೇ ಸರ್ಕಾರಗಳು ನಿಲ್ಲಿಸಿದ್ದುಂಟು. ಐರ್ಲೆಂಡ್ 1937ರ ತನ್ನ ಸಂವಿಧಾನದಲ್ಲಿ, ನಾವು 18ನೇ ವಿಧಿಯಲ್ಲಿ. ನಮ್ಮಲ್ಲಿ ಗೌಡಿಕೆ, ಶಾನುಭೋಗಿಕೆ 1963ರ ಫೆಬ್ರವರಿ 1ರಂದು ಕಾಯ್ದೆ ಜಾರಿಗೆ ಬಂದು ರದ್ದಾದವು. ಲೆಕ್ಕದ ಪುಸ್ತಕ ಹೋಯಿತು. ಶಾನುಭೋಗರ ಮನೆ, ಪಟೇಲರ ಬಾವಿ ಎಂಬ ಮಾತು ಹೋಗಲಿಲ್ಲ, ಬಾವಿ ಬತ್ತಿದ ಮೇಲೂ.

ನನ್ನನ್ನು ಕಾಡುವವರು ಬೇರೆ. ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಡ್ಲೆಕಾಯಿ ಬಿಡಿಸಿ, ಮೇಕೆ ಮೇಯಿಸಿಕೊಂಡಿದ್ದ ಕೂಲಿಯವರು. ನೆಲವನ್ನು ಅಂಗೈಯಿಂದ ಬಲ್ಲವರು ಅವರು. ಅವರ ಹೆಸರು ಯಾವ ಕಾಲಮ್ಮಿನಲ್ಲೂ ಇರಲಿಲ್ಲ, ಆದ್ದರಿಂದ ಬಾಡಿಗೆಯೂ ಇಲ್ಲ, ಪೌತಿಯೂ ಇಲ್ಲ. ನಿಡುಗಲ್ಲಿನ ಬಂಡೆ ಹೊತ್ತವರ ಹೆಸರೂ ಶಾಸನಕ್ಕೆ ಹತ್ತಲಿಲ್ಲ. ಎಲ್ಲವೂ ಅನಿತ್ಯ ಎನ್ನುವಾಗ ನಾವು ರಾಜರನ್ನೇ ನೆನೆಯುತ್ತೇವೆ; ಅವರದಾದರೂ ಕಲ್ಲಿನಲ್ಲಿ ಉಳಿದಿದೆ.

ಗುತ್ತಿಗೆ ಮುಗಿಯುವುದು 2040ರ ದಶಕದಲ್ಲಿ. ಅಂದು ಕಂಬ ಕಿತ್ತರೆ ನೆಲ ವಾಪಸಾಗುವುದು ಅದನ್ನು ಉತ್ತೇ ಇರದ ಮಕ್ಕಳ ಕೈಗೆ. ಸರ್ವೆ ನಂಬರು ದಾಖಲೆಯಲ್ಲಿರುತ್ತದೆ. ಮಳೆನೀರು ಯಾವ ಮೂಲೆಯಲ್ಲಿ ನಿಲ್ಲುತ್ತಿತ್ತು, ಯಾವ ಕಡೆ ಮಣ್ಣು ತೆಳು, ಹುಣಸೆಮರ ಎಲ್ಲಿತ್ತು ಎಂಬುದು ಇರುವುದಿಲ್ಲ. ನಿಮ್ಮ ಮನೆಯಲ್ಲಿ ಅದನ್ನು ಬಲ್ಲ ತಾತ ಅವ್ವ ಇನ್ನೂ ಇದ್ದರೆ, ಈ ಸಲ ಊರಿಗೆ ಹೋದಾಗ ಬೇಲಿಯ ತನಕ ಕರೆದುಕೊಂಡು ಹೋಗಿ ಕೇಳಿ. ಬೆಳೆ ಬಿಡಿಸಲು ಬರುತ್ತಿದ್ದವರು ಯಾರು ಎಂದೂ ಕೇಳಿ, ಅವರ ಹೆಸರನ್ನೂ ಬರೆದುಕೊಳ್ಳಿ.