ಕಾರಣ ಹೇಳದ ಅಂಕ

ಕಂಪ್ಯೂಟರ್ ಪರೀಕ್ಷೆಯ ಬಗ್ಗೆ ನಮ್ಮ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳದು ಎರಡು ಮನಸ್ಸು. ಯಂತ್ರಕ್ಕೆ ಜಾತಿ ಕಾಣುವುದಿಲ್ಲ, ಯಾರ ಮಗಳು, ಯಾರ ಶಿಷ್ಯ ಎಂಬುದು ಅದಕ್ಕೆ ಬೇಕಿಲ್ಲ ಎಂದು ಮೆಚ್ಚುತ್ತಾರೆ. ಫಲಿತಾಂಶ ಬಂದ ಮೇಲೆ ಅದೇ ಯಂತ್ರ ಕೊಟ್ಟ ಅಂಕವನ್ನು ನಂಬಲಾರದೆ ಒದ್ದಾಡುತ್ತಾರೆ. ಸೋತವರ ಗೊಣಗಾಟ ಎಂದು ಇದನ್ನು ತಳ್ಳಿಹಾಕಿದರೆ ಅದರೊಳಗಿನ ತಾತ್ವಿಕ ಪ್ರಶ್ನೆ ನಮ್ಮ ಕೈತಪ್ಪುತ್ತದೆ. ಪಕ್ಷಪಾತವಿಲ್ಲದ ತೀರ್ಪೆಲ್ಲ ನ್ಯಾಯವೇ? ಅಲ್ಲ ಎಂಬುದು ನನ್ನ ವಾದ. ತೀರ್ಪು ಕೊಡುವವರು ಯಾಕೆ ಹಾಗೆ ಕೊಟ್ಟೆವು ಎಂದು ಹೇಳಲು ಬದ್ಧರಾಗಿರಬೇಕು. ಆ ಬದ್ಧತೆ ಇಲ್ಲದಿದ್ದರೆ ನಿಷ್ಪಕ್ಷಪಾತ ಅರ್ಧ ನ್ಯಾಯ ಮಾತ್ರ.

ಕಾಲೇಜು ಅಧ್ಯಾಪಕರ ಅರ್ಹತೆಗಾಗಿ ನಡೆಯುವ ಯುಜಿಸಿ-ನೆಟ್ ಪರೀಕ್ಷೆಯನ್ನೇ ನೋಡೋಣ. ಕನ್ನಡ ಎಂ.ಎ. ಮಾಡಿದವರೂ ಬರೆಯುವ ಈ ಪರೀಕ್ಷೆ 2018ರ ಡಿಸೆಂಬರ್‌ನಿಂದ ಕಂಪ್ಯೂಟರಿಗೆ ಬಂತು. ಮೂರು ಗಂಟೆ, 150 ಪ್ರಶ್ನೆ, 300 ಅಂಕ. ಪರದೆಯ ಬಲಗಡೆ ಪ್ರಶ್ನೆಸಂಖ್ಯೆಗಳ ಸಾಲು. ಉತ್ತರಿಸಿದ್ದು ಹಸಿರು, ನೋಡಿ ಬಿಟ್ಟದ್ದು ಕೆಂಪು, ಮತ್ತೆ ನೋಡಲು ಗುರುತು ಹಾಕಿದ್ದು ನೇರಳೆ. ಯಾವುದನ್ನು ಮುಟ್ಟಿದಿರಿ, ಯಾವುದನ್ನು ಬಿಟ್ಟಿರಿ ಎಂಬುದೆಲ್ಲ ಆ ಪರದೆಗೆ ಗೊತ್ತು. ನಾಲ್ಕರಲ್ಲಿ ಒಂದನ್ನು ಯಾಕೆ ಆರಿಸಿದಿರಿ ಎಂಬುದು ಮಾತ್ರ ಗೊತ್ತಿಲ್ಲ. ತಪ್ಪು ಉತ್ತರಕ್ಕೆ ಇಲ್ಲಿ ಅಂಕ ಕಳೆಯುವುದಿಲ್ಲವಾದ್ದರಿಂದ, ಒಂದು ಪ್ರಶ್ನೆಯನ್ನೂ ಓದದೆ ಕಣ್ಣುಮುಚ್ಚಿ ಒತ್ತುತ್ತ ಹೋದವರಿಗೂ ಸರಾಸರಿ 75 ಅಂಕ ಬೀಳಬೇಕು. 12ನೇ ಶತಮಾನದ ದಾರ್ಶನಿಕ ಶ್ರೀಹರ್ಷ ತನ್ನ 'ಖಂಡನಖಂಡಖಾದ್ಯ'ದಲ್ಲಿ ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರನ್ನು ಕೆಣಕಿದ್ದು ಇಂಥದೇ ಉದಾಹರಣೆಯಿಂದ. ಮುಷ್ಟಿಯೊಳಗೆ ಎಷ್ಟು ಕವಡೆ ಇವೆ ಎಂದು ಕೇಳಿದಾಗ ಒಬ್ಬ ಬಾಯಿಗೆ ಬಂದಂತೆ 'ಐದು' ಎನ್ನುತ್ತಾನೆ, ಇದ್ದದ್ದೂ ಐದೇ. ಹೇಳಿದ್ದು ನಿಜ, ಆದರೆ ಅವನಿಗೆ ಅದು ತಿಳಿದಿತ್ತು ಎನ್ನಲಾದೀತೇ? ತಿಳಿವಿಗೂ ಊಹೆಗೂ ಇರುವ ಅಂತರವೆಂದರೆ ಕಾರಣ. ಆ ಕಾರಣವನ್ನೇ ಕೇಳದ ಪರೀಕ್ಷೆ ಕವಡೆ ಎಣಿಸುತ್ತದೆ, ತಿಳಿವನ್ನು ಅಳೆಯುವುದಿಲ್ಲ.

ಕಾರಣ ಕೇಳದ ವ್ಯವಸ್ಥೆ ಕಾರಣ ಕೊಡುವುದೂ ಇಲ್ಲ. ಪರೀಕ್ಷೆ ಮುಗಿದ ಮೇಲೆ ತಾತ್ಕಾಲಿಕ ಕೀ ಉತ್ತರ ಪ್ರಕಟವಾಗುತ್ತದೆ. ತಪ್ಪಿದೆ ಎನಿಸಿದರೆ ಪ್ರಶ್ನೆಯೊಂದಕ್ಕೆ 200 ರೂಪಾಯಿ ಕಟ್ಟಿ ಆಕ್ಷೇಪಣೆ ಸಲ್ಲಿಸಬಹುದು. ತಜ್ಞರು ನೋಡುತ್ತಾರೆ, ಅಂತಿಮ ಕೀ ಬರುತ್ತದೆ. ಆದರೆ ಆಕ್ಷೇಪಣೆಯನ್ನು ಒಪ್ಪಿದರೋ ಬಿಟ್ಟರೋ ಎಂದು ಅಭ್ಯರ್ಥಿಗೆ ಪ್ರತ್ಯೇಕವಾಗಿ ತಿಳಿಸುವುದಿಲ್ಲ ಎಂದು ನಿಯಮವೇ ಹೇಳುತ್ತದೆ. ಒಂದೇ ವಿಷಯದ ಪರೀಕ್ಷೆ ಹಲವು ಪಾಳಿಗಳಲ್ಲಿ ನಡೆದರೆ ಅಂಕ ಪರ್ಸೆಂಟೈಲ್ ಆಗಿ ಮಾರ್ಪಡುತ್ತದೆ. ಆಗ ಬೆಳಿಗ್ಗೆಯ 180ಕ್ಕೂ ಮಧ್ಯಾಹ್ನದ 180ಕ್ಕೂ ಬೆಲೆ ಬೇರೆ. ಲೆಕ್ಕದಲ್ಲಿ ಇದಕ್ಕೆ ಸಮರ್ಥನೆ ಇದೆ. ಎರಡೂ ಪಾಳಿಯವರ ಒಟ್ಟು ಸಾಮರ್ಥ್ಯ ಹೆಚ್ಚುಕಡಿಮೆ ಸಮ ಎಂಬ ಗ್ರಹಿಕೆಯ ಮೇಲೆ ಅದು ನಿಂತಿದೆ. ಆ ಗ್ರಹಿಕೆ ತಮ್ಮ ಪಾಳಿಯ ಮಟ್ಟಿಗೆ ಸರಿಯೇ ಎಂದು ಕೇಳುವ ದಾರಿ ವಿದ್ಯಾರ್ಥಿಗಿಲ್ಲ.

ಇದೆಲ್ಲ ಬಹು ಆಯ್ಕೆ ಪ್ರಶ್ನೆಗಳ ದೋಷ, ಕಂಪ್ಯೂಟರನ್ನು ಯಾಕೆ ದೂರಬೇಕು ಎಂದು ಕೇಳಬಹುದು. ಆಕ್ಷೇಪ ಸರಿಯಾದದ್ದೇ, ನನ್ನ ವಾದಕ್ಕೆ ಅದು ಬಲವನ್ನೇ ಕೊಡುತ್ತದೆ. 2024ರ ಜೂನ್ 18ರಂದು ನೆಟ್ ಮತ್ತೆ ಕಾಗದಕ್ಕೆ ಮರಳಿತು; ಅಕ್ರಮದ ಶಂಕೆಯಿಂದ ಮರುದಿನವೇ ರದ್ದಾಗಿ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಪುನಃ ಕಂಪ್ಯೂಟರಿನಲ್ಲೇ ನಡೆಯಿತು. ಕಾಗದಕ್ಕೆ ಹೋದ ಮಾತ್ರಕ್ಕೆ ವಿಶ್ವಾಸ ಹುಟ್ಟಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಪ್ರಯಾಗ್‌ರಾಜ್‌ನಲ್ಲಿ ಉತ್ತರಪ್ರದೇಶ ಲೋಕಸೇವಾ ಆಯೋಗದ ಮುಂದೆ ಸಾವಿರಾರು ಅಭ್ಯರ್ಥಿಗಳು ಧರಣಿ ಕೂತದ್ದು ಪಾಳಿಗಳ ನಡುವಿನ ಇಂಥದೇ ಅಂಕ ಸಮೀಕರಣದ (ನಾರ್ಮಲೈಸೇಶನ್) ವಿರುದ್ಧ. ಆ ಪರೀಕ್ಷೆ ಕಂಪ್ಯೂಟರಿನದಲ್ಲ, ಓಎಂಆರ್ ಹಾಳೆಯದು. ಅಂದರೆ ಯುವಜನರ ಸಿಟ್ಟು ಯಂತ್ರದ ಮೇಲಲ್ಲ, ವಿವರಣೆಯಿಲ್ಲದ ಸಂಖ್ಯೆಯ ಮೇಲೆ. ಹಳ್ಳಿಯ ವಿದ್ಯಾರ್ಥಿಗಳಿಗೆ ಮೌಸ್ ಹಿಡಿದು ರೂಢಿಯಿಲ್ಲ, ಅದಕ್ಕೇ ಅಳುಕು ಎನ್ನುವವರಿದ್ದಾರೆ. ಆ ತೊಡಕು ನಿಜ, ಆದರೆ ಅಣಕು ಪರೀಕ್ಷೆಗಳಿಂದ ನೀಗಬಹುದಾದದ್ದು. ಚೆನ್ನಾಗಿ ರೂಢಿಯಿದ್ದವರಿಗೂ ಇರುವ ಅಪನಂಬಿಕೆಗೆ ಅದು ಉತ್ತರವಾಗದು.

ಮನುಷ್ಯ ಮೌಲ್ಯಮಾಪಕರೇನು ಸಾಚಾಗಳೇ ಎಂಬುದು ಇದಕ್ಕಿಂತ ಗಟ್ಟಿ ಆಕ್ಷೇಪ. ಕೈಬರಹ ನೋಡಿ ಅಂಕ ಹಾಕಿದವರು, ಬೇಸತ್ತು ಪುಟ ಮಗುಚಿದವರು ಎಲ್ಲ ಕಾಲದಲ್ಲೂ ಇದ್ದಾರೆ. ಆದರೂ ಅಲ್ಲಿ ಮರುಮೌಲ್ಯಮಾಪನ ಎಂಬ ಬಾಗಿಲಿತ್ತು. ಬರೆದದ್ದನ್ನು ಇನ್ನೊಬ್ಬರ ಮುಂದಿಟ್ಟು 'ಇದಕ್ಕೇಕೆ ಅಂಕವಿಲ್ಲ' ಎಂದು ಕೇಳಬಹುದಿತ್ತು. ತಪ್ಪು ಮಾಡುವ ನ್ಯಾಯಾಧೀಶರಿಗಿಂತ, ಪ್ರಶ್ನಿಸಲಾಗದ ನ್ಯಾಯಾಧೀಶರ ಬಗ್ಗೆ ಹೆಚ್ಚು ಎಚ್ಚರ ಬೇಕು. ಲಕ್ಷಾಂತರ ಮಂದಿ ಬರೆಯುವಾಗ ಪ್ರತಿಯೊಬ್ಬರ ಕಾರಣ ಓದುವುದು ಆಗದ ಮಾತು ಎನ್ನುವುದನ್ನು ಒಪ್ಪುತ್ತೇನೆ. ಆದರೆ ತಿರಸ್ಕರಿಸಿದ ಪ್ರತಿ ಆಕ್ಷೇಪಣೆಗೆ ತಜ್ಞರ ಎರಡು ಸಾಲಿನ ಕಾರಣ ಪ್ರಕಟಿಸುವುದು ಆಗದ ಮಾತಲ್ಲ. ಮೊದಲ ಸುತ್ತಿನಲ್ಲಿ ಉಳಿದವರಿಂದಲಾದರೂ ಒಂದೆರಡು ಪುಟ ಬರೆಸಿ, ಸ್ಕ್ಯಾನ್ ಮಾಡಿ, ಇಬ್ಬರಿಂದ ಓದಿಸುವುದೂ ಕಷ್ಟವಲ್ಲ. ಉತ್ತರಪತ್ರಿಕೆಗಳನ್ನು ಪರದೆಯ ಮೇಲೆ ತಿದ್ದುವ ಡಿಜಿಟಲ್ ಮೌಲ್ಯಮಾಪನ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಹೊಸದೇನಲ್ಲ. ಇಷ್ಟು ಮಾಡಿದರೆ ಖರ್ಚು ಏರುತ್ತದೆ, ಫಲಿತಾಂಶ ತಡವಾಗುತ್ತದೆ. ನಾಳೆ ತರಗತಿಯಲ್ಲಿ ನಿಂತು ಮಕ್ಕಳಿಗೆ 'ಯಾಕೆ' ಎಂದು ಕೇಳಲು ಕಲಿಸಬೇಕಾದವರನ್ನು ಆರಿಸುವ ಪರೀಕ್ಷೆಗೆ ಅದು ದುಬಾರಿಯೇನಲ್ಲ.