ಊರು ಹಿಡಿಸವಲ್ದು ಅನ್ನುವವರಿಗೆ

"ಮಂದಿ ಭಾಳ ಆಗ್ಯಾರ್ರಿ, ಊರು ಹಿಡಿಸವಲ್ದು." ವಿಜಯಪುರದಲ್ಲಿ ನಳ ತಡವಾದರೂ ಇದೇ ಮಾತು, ಗಟಾರ ಉಕ್ಕಿ ಓಣಿಗೆ ಬಂದರೂ ಇದೇ ಮಾತು. ಹೀಗೆ ಹೇಳುವವರಲ್ಲಿ ಎಷ್ಟೋ ಜನ ಒಂದೆರಡು ತಲೆಮಾರಿನ ಹಿಂದೆ ತಿಕೋಟಾ, ಬಬಲೇಶ್ವರ ಕಡೆಯಿಂದ ಗಂಟುಮೂಟೆ ಕಟ್ಟಿಕೊಂಡು ಬಂದವರೇ.

ಊರು ಬೆಳೆದದ್ದೇನೂ ಸುಳ್ಳಲ್ಲ. 2011ರ ಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 3.27 ಲಕ್ಷ, ಎರಡು ವರ್ಷ ಕಳೆದು ನಗರಸಭೆ ಮಹಾನಗರ ಪಾಲಿಕೆಯಾಯಿತು. ನನ್ನ ತಕರಾರು ಬೇರೆ. ತಲೆ ಎಣಿಸಿ ಮುಗಿದ ಕೂಡಲೇ ಕಾರಣವೂ ಸಿಕ್ಕಿತು ಅಂದುಕೊಳ್ಳುತ್ತೇವಲ್ಲ, ಅದನ್ನು ಒಪ್ಪುವುದು ಕಷ್ಟ. ಜನ ಹೆಚ್ಚುವ ವೇಗಕ್ಕೆ ಅನ್ನ ಹೆಚ್ಚಲಾರದು ಎಂದು ಅರ್ಥಶಾಸ್ತ್ರಜ್ಞ ಮಾಲ್ಥಸ್ 1798ರಲ್ಲಿ ಹೆದರಿಸಿದ್ದ. ಆ ಲೆಕ್ಕದಲ್ಲಿ ಬಾಯಿಗಳೆಲ್ಲ ಒಂದೇ ಅಳತೆಯವು. ನಗರದಲ್ಲಿ ಹಾಗಿಲ್ಲ.

ಜೈನಾಪುರದಂಥ ಹಳ್ಳಿಯಲ್ಲಿರುವ ಒಬ್ಬ ಮನುಷ್ಯನಿಗೆ ಜಲಜೀವನ ಮಿಷನ್ ಗೊತ್ತುಮಾಡಿದ್ದು ದಿನಕ್ಕೆ 55 ಲೀಟರ್ ನೀರು. ಅದೇ ಮನುಷ್ಯ ನಗರವಾಸಿಯಾದರೆ ಯೋಜನೆಯ ಕಾಗದದಲ್ಲಿ 135 ಲೀಟರ್. ಬಸ್ಸಿಳಿಯುವಷ್ಟರಲ್ಲಿ ಅವನು ಎರಡೂವರೆ ಪಟ್ಟು ಬೆಳೆದಿರುತ್ತಾನೆ! ಆದರೆ ಬಂದವನು ಇಳಿದುಕೊಳ್ಳುವುದು ಯಾರದೋ ಕಟ್ಟಡ ಏಳುತ್ತಿರುವ ಜಾಗದ ತಗಡಿನ ಶೆಡ್ಡಿನಲ್ಲಿ. ಹೆಂಡತಿ ಪಕ್ಕದ ಮನೆಯ ಬೋರಿನಿಂದ ನಾಲ್ಕು ಕೊಡ ಕೇಳಿ ತರುತ್ತಾಳೆ. ಅವರ ಹೆಸರಿನಲ್ಲಿ ಲೆಕ್ಕ ಹಾಕಿದ ನೀರು ಇನ್ನೆಲ್ಲೋ ಅಂಗಳ ತೊಳೆಯುತ್ತದೆ. ನಳ ಬರುವ ಹೊತ್ತಿಗೆ ಪೈಪಿಗೇ ಮೋಟಾರು ಹಚ್ಚುವ ಮನೆಗಳಿವೆ. ಓಣಿಯ ಕೊನೆಯ ಮನೆಗೆ ಬರುವುದು ಬರೀ ಗಾಳಿ. ಅಲ್ಲಿಯವರೂ "ಮಂದಿ ಭಾಳ ಆಗ್ಯಾರ್ರಿ" ಅನ್ನುತ್ತಾರೆ, ಮೋಟಾರಿನ ಸುದ್ದಿ ಎತ್ತುವುದಿಲ್ಲ. ನೆರೆಮನೆಯವನ ಮೇಲೆ ಹೊರಿಸಲಾಗದ ತಪ್ಪನ್ನು ಗುರುತಿಲ್ಲದ ಗುಂಪಿನ ಮೇಲೆ ಹೊರಿಸುವುದು ಸುಲಭ.

ಸಂಖ್ಯೆಯೊಂದೇ ಎಲ್ಲವನ್ನೂ ವಿವರಿಸುವುದಾದರೆ ಈ ಊರಿನ ಚರಿತ್ರೆಯೇ ಅರ್ಥವಾಗುವುದಿಲ್ಲ. ಆದಿಲಶಾಹಿಗಳು ಮಳೆ ಕಡಿಮೆಯ ಈ ಬಯಲಿನಲ್ಲಿ ದೊಡ್ಡ ರಾಜಧಾನಿ ಕಟ್ಟಿದರು. ತೊರವಿಯಿಂದ ನೆಲದೊಳಗೆ ಸುರಂಗ ಕೊರೆಸಿ ನೀರು ತಂದರು, ಚಾಂದ ಬಾವಡಿ, ತಾಜ್ ಬಾವಡಿ ತೋಡಿಸಿದರು, 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿದರು. ಕೊಳವೆಯೊಳಗಿನ ಒತ್ತಡ ಇಳಿಸಲು, ರಾಡಿ ತಂಗಲು ಅಲ್ಲಲ್ಲಿ ಗಂಜ್ ಎಂಬ ಗೋಪುರಗಳನ್ನೆಬ್ಬಿಸಿದರು. 1686ರಲ್ಲಿ ಔರಂಗಜೇಬ ಊರು ಗೆದ್ದ. ಬೆನ್ನಿಗೇ ಪ್ಲೇಗು ಬಂತು, ಜನ ಕರಗಿದರು. ಆಗ ತಲೆಗೆ ಸಿಗುವ ನೀರು ಹೆಚ್ಚಬೇಕಿತ್ತು. ಆದದ್ದೇ ಬೇರೆ: ಹೂಳು ತೆಗೆಯುವ ಕೈಗಳಿಲ್ಲದೆ ಇಡೀ ವ್ಯವಸ್ಥೆ ಹಾಳುಬಿತ್ತು. 1885ರಲ್ಲಿ ಬ್ರಿಟಿಷರು ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದಮೇಲೆ ಜನ ಮತ್ತೆ ಕೂಡಿದರು. ಮುಂದೆ ಕೊಲ್ಹಾರದಿಂದ ಕೃಷ್ಣೆಯ ನೀರು ನಳಕ್ಕೆ ಬಂತು. ಬಾವಡಿಗಳು ಕಸ ಚೆಲ್ಲಲು, ಗಣಪತಿ ಬಿಡಲು ಆದವು. ಮೊದಲ ಸಲ ಜನರಿಲ್ಲದೆ ಕೆಟ್ಟದ್ದು ಎರಡನೆಯ ಸಲ ಜನರಿದ್ದೂ ಕೆಟ್ಟಿತು. ಈಚಿನ ವರ್ಷಗಳಲ್ಲಿ ತಾಜ್ ಬಾವಡಿಯ ಹೂಳೆತ್ತಿಸಿದ್ದಾರೆ. ಊರಿನ ಜನ ಆಗೇನು ಕಡಿಮೆಯಾಗಿದ್ದರೆ?

ಊರಂಚಿಗೆ ಹೋದರೆ ಇನ್ನೊಂದು ಬಗೆಯ ಬೆಳವಣಿಗೆ ಕಾಣುತ್ತದೆ, ಅದರಲ್ಲಿ ಮನುಷ್ಯರೇ ಇಲ್ಲ. ಬಿಳಿಜೋಳ, ಕಡಲೆ ಬೆಳೆಯುತ್ತಿದ್ದ ಎರಿ ಹೊಲ ಎನ್.ಎ., ಅಂದರೆ ಕೃಷಿಯೇತರ ಜಮೀನು ಆಗಿದೆ. ನಂಬರು ಬರೆದ ಕಲ್ಲುಗಳು ವಾಲಿ ನಿಂತಿವೆ. ಬೇಸಗೆಯಲ್ಲಿ ಬಿರುಕುಬಿಟ್ಟು ಮಳೆಗೆ ಉಬ್ಬುವ ಈ ಮಣ್ಣು ಕಲ್ಲನ್ನೂ ನೆಟ್ಟಗೆ ನಿಲ್ಲಗೊಡುವುದಿಲ್ಲ. ನಡುವೆ ಜಾಲಿ ಬೆಳೆದಿದೆ. ಪ್ಲಾಟಿನ ಮಾಲೀಕ ಬೆಂಗಳೂರಿನಲ್ಲೋ ಪುಣೆಯಲ್ಲೋ ಕುಳಿತು ರೇಟು ಏರಲೆಂದು ಕಾಯುತ್ತಿದ್ದಾನೆ. ಆ ಖಾಲಿ ಜಾಗ ದಾಟಿ ಆಚೆಯ ನಾಲ್ಕು ಮನೆಗೆ ರಸ್ತೆ, ಪೈಪು, ಬೀದಿದೀಪ ಎಳೆಯಬೇಕು. ಗಟಾರ ಹೆಚ್ಚಿನ ಕಡೆ ಅರ್ಧಕ್ಕೇ ನಿಲ್ಲುತ್ತದೆ. ನಗರಕ್ಕೆ ಬಂದ ನೀರಿನಲ್ಲಿ ಶೇ. 80ರಷ್ಟು ಕೊಳಚೆಯಾಗಿ ಹೊರಬೀಳುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ಅಂದರೆ 135 ಲೀಟರಿಗೆ 108. ಒಳಗೆ ಬರುವ ನೀರಿಗೆ ಎಲ್ಲರೂ ಕೊಡ ಹಿಡಿದು ಕಾಯುತ್ತಾರೆ, ಹೊರಗೆ ಹೋಗುವುದು ಹಳ್ಳ ಸೇರಿದರೆ ಕೇಳುವವರು ಹಳ್ಳದ ದಂಡೆಯ ರೈತರಷ್ಟೆ.

ಹಾಗಾದರೆ ಸಂಖ್ಯೆಗೆ ಬೆಲೆಯೇ ಇಲ್ಲವೆ? ಇದೆ. ಕೃಷ್ಣೆಯೇನು ಅಕ್ಷಯಪಾತ್ರೆಯಲ್ಲ. ಮುಳವಾಡ ಏತ ನೀರಾವರಿಗೆ, ತಿಕೋಟಾ ಭಾಗದ ದ್ರಾಕ್ಷಿಗೆ, ನಗರದ ನಳಕ್ಕೆ, ಎಲ್ಲಕ್ಕೂ ಅದೇ ನೀರು ಬೇಕು. ಒಂದಿಲ್ಲೊಂದು ದಿನ ಎಷ್ಟು ಹಂಚಿಕೊಂಡರೂ ಸಾಲದ ಸ್ಥಿತಿ ಬರಬಹುದು. ಆದರೆ ಹಂಚಿಕೊಂಡು ನೋಡಿದವರಿಗೆ ಮಾತ್ರ ಸಾಲದು ಅನ್ನುವ ಅಧಿಕಾರ ಇರುತ್ತದೆ. ನೆಲದ ಮಾತೂ ಅಷ್ಟೆ: ಖಾಲಿ ನಿವೇಶನಕ್ಕೂ ತೆರಿಗೆಯೇನೋ ಇದೆ. ರೇಟು ಏರುವ ಭರದ ಮುಂದೆ ಅದು ಮಾಲೀಕನ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ಹತ್ತು ವರ್ಷ ಜಾಲಿ ಬೆಳೆಸಿದವನಿಗೆ ಊರು ಹಿಡಿಸಿದೆ. ಗುಳೆ ಹೋಗುವುದು ಸಾಕೆಂದು ಇಲ್ಲೇ ಗಾರೆ ಕೆಲಸ ಹುಡುಕಿ ಬಂದವನಿಗೆ ಹಿಡಿಸವಲ್ದು. ಮುಂದಿನ ಸಲ ಯಾರಾದರೂ ಮಂದಿ ಹೆಚ್ಚಾದರು ಅಂದರೆ, ಯಾವ ಮಂದಿ ಅಂತ ಕೇಳಬೇಕೆಂದಿದ್ದೇನೆ.